ಲೆಟ್ ಅಳಿಸಿ ಲೆಫ್ಟ್

ಸೆಪ್ಟೆಂಬರ್ 10, ಮಂಗಳವಾರ

ಬೆಳಿಗ್ಗೆ ಮತ್ತೆ ಬಾತ್‌ರೂಮಿನ ಬಾಗಿಲ ಕಾವಲು. ಟಬ್ಬು ಜಾರುತ್ತದೆ, ಅತ್ತೆಯ ಮೊಣಕಾಲು ಸರಿಯಿಲ್ಲ, ಹೊರಗೆ ನಿಂತಿರು ಎಂದು ಗಂಡನ ಅಪ್ಪಣೆ. ಆಫೀಸಿಗೆ ಹೊರಡುವಾಗ ಕಿರಣ ದಿನಾ ಹೇಳುತ್ತಾನೆ. ನಿಂತಿದ್ದೆ. ಒಳಗಿಂದ ಅತ್ತೆ:

"ಐಶ್ವರ್ಯಾ, ಅಲ್ಲೇ ನಿಂತೀ ಏನ?"

"ಹೂಂ ಅತ್ತಿ."

"ಹೋಗ ಅತ್ತಾಗ. ಬಾಗಲಾ ಕಾಯಾಕತ್ರ ನನಗ ನೀರ ಹಾಕ್ಕೊಳ್ಳಾಕೂ ನಾಚಿಕಿ ಬರತೈತಿ. ನಾ ಏನ ಕೂಸೇನ?"

ಎರಡು ಹೆಜ್ಜೆ ಹಿಂದೆ ಸರಿದೆ. ಹೋದೆ ಎಂದುಕೊಂಡರು. ಹೋಗಲಿಲ್ಲ.

ಹನ್ನೊಂದಕ್ಕೆ ಎಮರಿವಿಲ್‌ನಿಂದ ಬಸ್ಸು, ಓಕ್ಲ್ಯಾಂಡ್ ಲೈಬ್ರರಿ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಪುಕ್ಕಟೆ ಇಂಗ್ಲಿಷ್ ಹೇಳಿಕೊಡಬಹುದು. ಹತ್ತು ತಿಂಗಳಿಂದ ಒಬ್ಬಳೇ ವಿದ್ಯಾರ್ಥಿನಿ, ದೋಯ್ನಾ. ರೊಮೇನಿಯಾದವಳು. ಐವತ್ತನಾಲ್ಕು ವರ್ಷ. ಗುಡ್ಡದ ಮೇಲಿನ ಒಂದು ಮನೆಯಲ್ಲಿ ಆರು ಮಂದಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾಳೆ. ನನ್ನನ್ನು ಟೀಚರ್ ಎನ್ನುತ್ತಾಳೆ. ಧಾರವಾಡದಲ್ಲಿ ಎಂಎ ಮಾಡಿದ ಎರಡು ವರ್ಷದಲ್ಲಿ ಕ್ಲಾಸಿನಲ್ಲಿ ನಾನು ಬಾಯಿ ಬಿಟ್ಟಿದ್ದು ಮೂರು ಸಲ. ಈಗ ಟೀಚರ್.

ಇವತ್ತು ಕ್ರಿಯಾಪದ 'ಲೆಟ್'. ದೋಯ್ನಾ ತಲೆ ಅಲ್ಲಾಡಿಸಿದಳು. ಅವರ ಭಾಷೆಯಲ್ಲಿ ಲೆಟ್‌ಗೂ ಲೀವ್‌ಗೂ ಒಂದೇ ಪದವಂತೆ. ಅವಳು ಮಾತುಮಾತಿಗೆ ಹೇಳುವ "ಲಾಸ, ಲಾಸ" ಅದೇ. ಕುರ್ಚಿ ಎಳೆದುಕೊಡಲು ಹೋದರೆ "ಲಾಸ". ಸ್ಪೆಲಿಂಗ್ ತಪ್ಪಾದರೆ ತನಗೆ ತಾನೇ "ಲಾಸ".

ನಮ್ಮಲ್ಲೂ ಹಾಗೇ ಎಂದೆ. ಬಿಡು. ಮಗುವನ್ನು ಶಾಲೆಗೆ ಬಿಡು. ಸಿಗರೇಟು ಬಿಡು. ಒಳಗೆ ಬಿಡು. ಕೈ ಬಿಡು. ಹೋಗಲಿ ಬಿಡು.

"ಬಿಡೂ," ಎಂದಳು. "ಒಳ್ಳೆಯ ಪದ. ಇಂಗ್ಲಿಷರು ಪಾಪ, ಪ್ರತಿ ಸಲವೂ ಯೋಚನೆ ಮಾಡಬೇಕು."

ಲೀವ್ ಮುಂದಿನ ವಾರಕ್ಕೆ ಇಟ್ಟುಕೊಂಡೆ.

ಸೆಪ್ಟೆಂಬರ್ 17, ಮಂಗಳವಾರ

ಲೀವ್ ಪಾಠ ಆಗಲಿಲ್ಲ. ದೋಯ್ನಾ ಯೂನಿಫಾರ್ಮಿನಲ್ಲೇ ಬಂದಳು. ಕಣ್ಣು ಊದಿತ್ತು.

ಭಾನುವಾರ ಮಧ್ಯಾಹ್ನ ಮಿಸೆಸ್ ಹೇಲ್ ಬಾತ್‌ರೂಮಿನಲ್ಲಿ ಬಿದ್ದಿದ್ದಾರೆ. ಎಂಬತ್ತೆಂಟು ವರ್ಷ. ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿದ್ದಾರೆ. ಮರೆವಿನ ಕಾಯಿಲೆ ಮೊದಲೇ ಇತ್ತು, ಬಿದ್ದದ್ದೂ ನೆನಪಿಲ್ಲವಂತೆ. ಆ ಹೊತ್ತಿಗೆ ಮನೆಯಲ್ಲಿ ಡ್ಯೂಟಿಯ ಮೇಲಿದ್ದವಳು ದೋಯ್ನಾ ಒಬ್ಬಳೇ. ನಡೆದದ್ದನ್ನು ಬರೆದು ಇವತ್ತೇ ಕೊಡಬೇಕು. ಫಾರ್ಮಿನಲ್ಲಿ ನಾಲ್ಕೇ ಗೆರೆ.

ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದಳು. ಮಿಸೆಸ್ ಹೇಲ್ ಸೇ ಗೋ ಔಟ್. ಐ ಲೆಟ್ ಹರ್ ಅಲೋನ್ ಇನ್ ಬಾತ್‌ರೂಮ್. ಐ ವಾಸ್ ಅಟ್ ಡೋರ್. ಶಿ ಫಾಲ್.

"ತಪ್ಪಿಲ್ಲದೆ ಮಾಡಿಕೊಡು ಟೀಚರ್. ಸರ್ಕಾರದವರು ಓದುತ್ತಾರೆ."

ಹತ್ತು ನಿಮಿಷ ಇತ್ತು, ಬಸ್ಸು ಹಿಡಿಯಬೇಕಿತ್ತು ಅವಳು. ರಬ್ಬರ್ ತೆಗೆದುಕೊಂಡೆ. 'ಸೇ' ಅಳಿಸಿ 'ಆಸ್ಕ್ಡ್ ಮಿ ಟು'. 'ಲೆಟ್' ಅಳಿಸಿ 'ಲೆಫ್ಟ್'. 'ಬಾತ್‌ರೂಮ್', 'ಡೋರ್' ಎರಡರ ಹಿಂದೆಯೂ ಒಂದೊಂದು 'ದ'. 'ಫಾಲ್' ಅಳಿಸಿ 'ಫೆಲ್'. ಅವಳು ಮೇಲೆ ಪೆನ್ನಿನಲ್ಲಿ ತಿದ್ದಿ ಬರೆದಳು, ನಾಲಿಗೆ ಹಲ್ಲಿನ ನಡುವೆ ಇಟ್ಟುಕೊಂಡು, ಪರೀಕ್ಷೆಯ ಹುಡುಗಿಯ ಹಾಗೆ.

ನಾಲ್ಕು ವಾಕ್ಯ, ಒಂದೂ ತಪ್ಪಿಲ್ಲ. ಬಸ್ಸಿನಲ್ಲಿ ಕೂತಾಗಲೂ ಸ್ವಲ್ಪ ಹೆಮ್ಮೆ ಇತ್ತು.

ಸೆಪ್ಟೆಂಬರ್ 24

ಗುರುವಾರ, ಇವತ್ತು ಮಂಗಳವಾರ, ಎರಡು ಕ್ಲಾಸಿಗೂ ದೋಯ್ನಾ ಬರಲಿಲ್ಲ. ಮೆಸೇಜು ಹಾಕಲೇ... ಬೇಡ. ಕೆಲಸ ಹೆಚ್ಚಿರಬಹುದು.

ಅಕ್ಟೋಬರ್ 1, ಮಂಗಳವಾರ

ಬಂದಳು. ಚೀಲದಿಂದ ಒಂದು ಕಾಗದ ತೆಗೆದು ಟೇಬಲ್ಲಿನ ಮೇಲೆ ಇಟ್ಟು, ಅಂಗೈಯಿಂದ ಮಡಿಕೆ ಸರಿಮಾಡಿದಳು.

ಎರಡು ವಾರದಿಂದ ಡ್ಯೂಟಿ ಕೊಟ್ಟಿಲ್ಲ. ಮಿಸೆಸ್ ಹೇಲ್ ಅವರ ಮಗಳು ದೂರು ಕೊಟ್ಟಿದ್ದಾಳೆ. ಸರ್ಕಾರದ ತನಿಖೆ. ನಿರ್ಲಕ್ಷ್ಯ ಎಂದು ತೀರ್ಮಾನವಾದರೆ ಅವಳ ಕ್ಲಿಯರೆನ್ಸ್ ಹೋಗುತ್ತದೆ. ಕ್ಲಿಯರೆನ್ಸ್ ಇಲ್ಲದವರು ಈ ರಾಜ್ಯದಲ್ಲಿ ಇಂಥ ಯಾವ ಮನೆಯಲ್ಲೂ ಕೆಲಸ ಮಾಡುವಂತಿಲ್ಲ. ಹದಿಮೂರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ.

ಕಾಗದ ಓದಿದೆ. ಎರಡನೇ ಪ್ಯಾರಾ. "ರೋಗಿಯನ್ನು ಬಾತ್‌ರೂಮಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗಿ, ಬಿದ್ದ ಸಮಯದಲ್ಲಿ ಬಾಗಿಲ ಬಳಿ ಇದ್ದೆನೆಂದು ಆಕೆಯೇ ಬರೆದುಕೊಟ್ಟಿದ್ದಾರೆ." ಮೂರನೇ ಪ್ಯಾರಾದಲ್ಲಿ ಮನೆಯ ಓನರ್ ಹೇಳಿಕೆ: ಸುಮಾರು ಅದೇ ಹೊತ್ತಿಗೆ ಔಷಧಿ ತಂದವರು ಮುಂಬಾಗಿಲಿನ ಬೆಲ್ಲು ಒತ್ತಿದ್ದರು.

"ಔಷಧಿ ಬಂದದ್ದು ಆಮೇಲೆ," ಎಂದಳು ದೋಯ್ನಾ. "ಆಂಬುಲೆನ್ಸು ಬಂದಮೇಲೆ. ನಾನು ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದೆ. ಅವಳು ಹೊರಗೆ ಹೋಗು ಅಂದಳು, ನಾಚಿಕೆ ಅವಳಿಗೆ. ಹೊರಗೆ ನಿಂತೆ. ಕೈ ಹಿಡಿಕೆಯ ಮೇಲೇ ಇತ್ತು. ನಾನು ಹೋಗಲಿಲ್ಲ. ನಾಮ್ ಪ್ಲೆಕಾತ್. ಯಾಕೆ ಇವರು ಹೋದೆ ಅಂತ ಬರೆದಿದ್ದಾರೆ?"

ಪ್ಲೆಕಾತ್ ಎಂದರೆ ಹೊರಟುಹೋಗುವುದು. ಅದು ಅವರಲ್ಲಿ ಬೇರೆಯೇ ಪದ. ಕೇಳುತ್ತಿದ್ದ ಹಾಗೇ ನನ್ನ ಕಿವಿ ಬಿಸಿಯಾಯಿತು.

'ಲೆಟ್ ಹರ್ ಅಲೋನ್': ಅವರ ಪಾಡಿಗೆ ಬಿಟ್ಟೆ. 'ಲೆಫ್ಟ್ ಹರ್ ಅಲೋನ್': ಒಬ್ಬರನ್ನೇ ಬಿಟ್ಟು ಹೋದೆ. ಎರಡನೆಯದಕ್ಕೆ ಮೊದಲಿನ ಅರ್ಥವೂ ಉಂಟು, ಆದರೆ ತನಿಖೆ ಮಾಡುವವರು ಅದನ್ನೇಕೆ ಓದುತ್ತಾರೆ. ಅದರ ಪಕ್ಕದಲ್ಲೇ 'ದ ಡೋರ್'. ಬೆಲ್ಲಾದಾಗ ಹೋಗಿ ತೆಗೆಯುವ ಬಾಗಿಲು.

ಅವಳಿಗೆ ಹೇಳಲಿಲ್ಲ. ಹೇಳಲು ಬಾಯಿ ತೆರೆದೆ. "ನೋಡೋಣ" ಎಂದೆ.

ಅಕ್ಟೋಬರ್ 2

ಕಿರಣನಿಗೆ ಹೇಳಿದೆ. ಇಡ್ಲಿ ತಿನ್ನುತ್ತಿದ್ದವನು ಕೈ ನಿಲ್ಲಿಸಿದ.

"ಫಾರ್ಮಿನ ಮ್ಯಾಲೆ ನಿನ್ನ ಹೆಸರ ಐತೇನ?"

"ಇಲ್ಲ. ಆಕಿ ಕೈಯಾಗ ಬರಸೀನಿ."

"ಹಂಗಾರ ಮುಗೀತು."

"ಮುಗಿದಿಲ್ಲ ಕಿರಣ. ನಾ ತಿದ್ದಿದ್ದಕ್ಕ ಆಕಿ ಕೆಲಸ ಹೊಂಟೇತಿ."

ತಟ್ಟೆ ಅತ್ತ ಸರಿಸಿದ. ಅವನು ಕೆಟ್ಟವನಲ್ಲ. ಗ್ರೀನ್ ಕಾರ್ಡಿನ ಫೈಲು ಹೋಗಿ ನಾಲ್ಕು ತಿಂಗಳಾಗಿದೆ. ಪ್ರತಿ ಸಂಜೆ ಆ ವೆಬ್‌ಸೈಟು ತೆರೆದು ಮುಚ್ಚುತ್ತಾನೆ.

"ನೀ ಅಲ್ಲಿ ಹೋಗಿ ನಾನೇ ಬರಸಿದೆ ಅಂತೀ. ಯಾರ ನೀ ಅಂತಾರ. ಟೀಚರ್ ಅಂತೀ. ಈಕಿಗೆ ಕೆಲಸ ಮಾಡಾಕ ಪರ್ಮಿಶನ್ ಐತೇನ ಅಂತ ಒಬ್ಬಾಂವ ಕೇಳಿದ್ರ ಸಾಕು. ನಾ ಹೋಗಬ್ಯಾಡ ಅನ್ನಾಕತ್ತಿಲ್ಲ. ಈಗ ಹೋಗಬ್ಯಾಡ ಅನ್ನಾಕತ್ತೀನಿ."

ಆ ತನಿಖೆ 'ಈಗ' ನಡೆಯುತ್ತಿದೆ.

ಅಕ್ಟೋಬರ್ 8, ಮಂಗಳವಾರ

ದೋಯ್ನಾಗೆ ಹೇಳಿದೆ.

ಆರು ದಿನ ವಾಕ್ಯ ಕಟ್ಟಿಕೊಂಡಿದ್ದೆ. ಟೇಬಲ್ಲಿಗೆ ಬಂದಾಗ ಒಂದೂ ಇರಲಿಲ್ಲ. "ನೀನು ಸರಿಯಾಗಿ ಬರೆದಿದ್ದೆ. ನಾನು ತಪ್ಪು ಮಾಡಿದೆ" ಎಂದೆ. ಲೆಟ್ ಒಂದು ಹಾಳೆಯಲ್ಲಿ, ಲೆಫ್ಟ್ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಲೆಫ್ಟ್ ಕೆಳಗೆ 'ವೆಂಟ್ ಅವೇ' ಎಂದು ಬರೆದೆ.

ಬಹಳ ಹೊತ್ತು ನೋಡಿದಳು.

"ಇದರಲ್ಲಿ ಹೋಗುವುದೂ ಇದೆಯಾ? ಒಂದೇ ಪದದ ಒಳಗೆ?"

"ಇದೆ."

ಲಾಸ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಚೀಲದ ಜಿಪ್ಪು ಹಾಕಿ, ತೆಗೆದು, ಮತ್ತೆ ಹಾಕಿದಳು.

"ಅವರಿಗೆ ಹೇಳುತ್ತೀಯಾ?"

"ಹೇಳುತ್ತೇನೆ."

ಹೇಳಿದ ಮೇಲೆ ಗೊತ್ತಾಯಿತು, ಹೇಳಿಬಿಟ್ಟೆ ಎಂದು.

ಅಕ್ಟೋಬರ್ 10, ಬೆಳಿಗ್ಗೆ 9:40

ಫೋನು ಮಾಡಿದೆ. ಗೊತ್ತಿಲ್ಲದವರಿಗೆ ಫೋನು ಮಾಡುವುದೆಂದರೆ ನನಗೆ ಆಗದು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಓದಿದೆ. ತನಿಖೆಯವರ ಹೆಸರು ಮಿಸ್ ಟ್ರಾನ್. ಮೃದು ಧ್ವನಿ, ಅವಸರವಿಲ್ಲ. 24ಕ್ಕೆ ಬನ್ನಿ ಎಂದರು. ಓಕ್ಲ್ಯಾಂಡ್ ಆಫೀಸು. ಇಡುವ ಮೊದಲು:

"ಆಕೆ ನಿಮ್ಮ ಕ್ಲಾಸಿನಲ್ಲಿ ಬರೆದದ್ದು ಏನಾದರೂ ನಿಮ್ಮ ಹತ್ತಿರ ಇದ್ದರೆ ತನ್ನಿ. ಆಕೆ ಆ ಪದವನ್ನು ಹೇಗೆ ಬಳಸುತ್ತಾರೆ ನೋಡಬೇಕು."

ತರುತ್ತೇನೆ ಎಂದೆ. ಹೋಂವರ್ಕ್ ಹಾಳೆಗಳೆಲ್ಲ ಒಂದು ಫೋಲ್ಡರಿನಲ್ಲಿವೆ. ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಮಧ್ಯಾಹ್ನ ಅತ್ತೆಗೆ ಮೆಣಸಿನಕಾಯಿ ಬಜ್ಜಿ ಮಾಡಿಕೊಟ್ಟೆ.

ಅಕ್ಟೋಬರ್ 13, ಭಾನುವಾರ

ಫೋಲ್ಡರು ತೆರೆಯಬಾರದಿತ್ತು.

ಜನವರಿ: ಐ ಲೆಟ್ ಮೈ ಬ್ಯಾಗ್ ಇನ್ ದ ಬಸ್. ನನ್ನ ಕೆಂಪು ಪೆನ್ನು: ಲೆಫ್ಟ್.

ಮಾರ್ಚ್: ಐ ಲೆಟ್ ದ ಕೀ ಆನ್ ಟೇಬಲ್. ಕೆಂಪು ಪೆನ್ನು: ಲೆಫ್ಟ್.

ಏಪ್ರಿಲ್: ಐ ಲೆಟ್ ಮೈ ಡಾಟರ್ ಟು ಮೈ ಮದರ್. ಕೆಂಪು: ಲೆಫ್ಟ್.

ಹನ್ನೊಂದು ಕಡೆ. ಹತ್ತು ತಿಂಗಳಲ್ಲಿ ಹನ್ನೊಂದು ಸಲ ಅವಳು ಬಿಟ್ಟುಬಂದ ಕಡೆಯೆಲ್ಲ 'ಲೆಟ್' ಎಂದೇ ಬರೆದಿದ್ದಾಳೆ, ನಾನು ತಿದ್ದಿದ್ದೇನೆ. ಅದಕ್ಕೇ ಅವತ್ತು ಕೈ ಯೋಚಿಸದೆ ಅಳಿಸಿದ್ದು. ರೂಢಿ.

ಹಾಗಾದರೆ ಆ ಫಾರ್ಮಿನಲ್ಲಿ ಅವಳು ಬರೆದ ಲೆಟ್ ಯಾವುದು? ಪಾಡಿಗೆ ಬಿಟ್ಟಿದ್ದೋ, ಬಿಟ್ಟು ಹೋದದ್ದೋ? ಬ್ಯಾಗು ಬಿಟ್ಟ ಲೆಟ್ಟೇ ಆಗಿದ್ದರೆ ನಾನು ತಿದ್ದಿದ್ದು ಸರಿ. ಅಂದರೆ ಬೆಲ್ಲು ಆಗಿತ್ತು. ಅವಳು ಮುಂಬಾಗಿಲಿಗೆ ಹೋಗಿದ್ದಳು. ಕೆಲಸ ಹೋಗುತ್ತದೆಂದು ಗೊತ್ತಾದ ಮೇಲೆ ಬಾಗಿಲು ಬದಲಾಯಿತು.

ಹೀಗೆ ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಇಲ್ಲಿ ಓದುವವರು ಯಾರೂ ಇಲ್ಲ.

ಹಾಳೆ ತೆಗೆದುಕೊಂಡು ಹೋದರೆ ಅವಳ ವಿರುದ್ಧ ಸಾಕ್ಷಿ ಒಯ್ದಂತೆ. ಕಳೆದುಹೋದವು ಎಂದರೆ — ನಾನೂ ಒಂದು ಪದ ಅಳಿಸಿದಂತೆ, ಈ ಸಲ ಬೇಕೆಂದೇ.

ಅಕ್ಟೋಬರ್ 15, ಮಂಗಳವಾರ

ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಹೊರಗೆ ನಿಂತವರಿಗೆ ಏನೇನು ಕೇಳುತ್ತದೆ ಎಂದು. ನಲ್ಲಿ. ಮಗ್ಗು. ಸೋಪು ಜಾರಿಬಿದ್ದದ್ದು. ಅತ್ತೆ ಸೋಪಿಗೆ ಬೈದದ್ದು. ಟವೆಲ್ಲು ಎಳೆದಾಗ ಕಂಬಿ ಕಿರ್ ಎಂದದ್ದು. ಎಲ್ಲ ಕೇಳುತ್ತದೆ. ಬಾಗಿಲು ತೆಗೆದ ಅತ್ತೆಗೆ ನಾನು ಎದುರಿಗೇ ಸಿಕ್ಕೆ.

"ಏನ ಹುಡುಗಿ ಇದು, ಕಳ್ಳಬೆಕ್ಕಿನಂಗ. ಒಳಗ ನಾ ಏನ ನೋಟು ಛಾಪಸಾಕತ್ತಿದ್ನ್ಯಾ?"

ಲೈಬ್ರರಿಯಲ್ಲಿ ದೋಯ್ನಾಗೆ ಕೇಳಿದೆ. ನೇರವಾಗಿ ಕೇಳಲಾಗಲಿಲ್ಲ. "ಬಾಗಿಲು ಎಂದರೆ... ಯಾವ ಬಾಗಿಲು?" ಎಂದೆ.

ಅರ್ಥವಾಯಿತು ಅವಳಿಗೆ. ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು.

"ನೀನೂ ಕೇಳುತ್ತೀಯಾ."

"ನಿನ್ನ ಹೋಂವರ್ಕಿನಲ್ಲಿ ಎಲ್ಲ ಕಡೆ ಲೆಟ್ ಇದೆ. ಅವರು ಕೇಳುತ್ತಾರೆ. ನಾನು ಏನು ಹೇಳಲಿ?"

ಕೈ ಎರಡನ್ನೂ ಟೇಬಲ್ಲಿನ ಮೇಲೆ ಇಟ್ಟಳು. ನಿಧಾನವಾಗಿ, ಇಂಗ್ಲಿಷಿನಲ್ಲಿ, ಪ್ರತಿ ಪದ ಆರಿಸಿ:

"ಮಿಸೆಸ್ ಹೇಲ್ ಒಳಗೆ ನೀರಿನ ಜೊತೆ ಜಗಳ ಆಡುತ್ತಿದ್ದಳು. ತಣ್ಣಗಿದೆ ಅಂತ. ನಾನು ಹೊರಗಿಂದ, ಎಡಕ್ಕೆ ತಿರುಗಿಸು ಅಂದೆ. ನೀನು ಇನ್ನೂ ಇದ್ದೀಯಾ ಅಂದಳು. ಇಲ್ಲ ಅಂದೆ. ನಕ್ಕಳು. ಆಮೇಲೆ ಟವೆಲ್ ಕಂಬಿ ಗೋಡೆಯಿಂದ ಕಿತ್ತುಬಂದ ಸದ್ದು. ಮೊದಲು ಅದು, ಆಮೇಲೆ ಅವಳು. ಹಿಡಿಕೆ ತಿರುಗಿಸಿದೆ. ಅಷ್ಟೊತ್ತಿಗೆ ನೆಲದ ಮೇಲೆ."

ಎದ್ದಳು. ಜಾಕೆಟ್ ಹಾಕಿಕೊಂಡಳು.

"ಹಾಳೆ ಎಲ್ಲ ತೆಗೆದುಕೊಂಡು ಹೋಗು. ನನಗೆ ಭಯ ಇಲ್ಲ."

ಅವಳ ಕುರ್ಚಿ ಹಿಂದಕ್ಕೆ ಸರಿದ ಹಾಗೇ ಇತ್ತು, ನಾನು ಹೊರಡುವವರೆಗೆ.

ನಂಬುತ್ತೇನೆ. ಪೂರ್ತಿ ನಂಬುತ್ತೇನೆಯೇ? ಇವತ್ತು ಬೆಳಿಗ್ಗೆ ನಾನೂ ಅದೇ ಕಂಬಿಯ ಸದ್ದು ಕೇಳಿದೆನಲ್ಲ, ಯಾವ ಬಾತ್‌ರೂಮಿನಲ್ಲೂ ಕೇಳುವ ಸದ್ದು ಅದು. "ಇಲ್ಲ ಅಂದೆ, ನಕ್ಕಳು" — ಇದನ್ನು ಯಾರು ಕಟ್ಟಿ ಹೇಳುತ್ತಾರೆ.

ಅಕ್ಟೋಬರ್ 17, 22

ದೋಯ್ನಾ ಇಲ್ಲ.

ಅಕ್ಟೋಬರ್ 23, ಬುಧವಾರ

ಫೋಲ್ಡರು ಡೈನಿಂಗ್ ಟೇಬಲ್ಲಿನ ಮೇಲಿತ್ತು. ಕಿರಣ ನೋಡಿದ.

"ನಾಳೆ ಹೊಂಟೀ ಹಂಗಾರ."

"ಹೂಂ."

"ನಾ ಅಷ್ಟ ಹೇಳಿದ ಮ್ಯಾಲೂ."

ಅತ್ತೆ ಅಲ್ಲೇ ಸೊಪ್ಪು ಸೋಸುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ ಇಷ್ಟು ದಿನ. ತಲೆ ಎತ್ತದೆ ನನಗೆ:

"ನೀ ತಿದ್ದಿದ್ದು ಖರೇನೋ ಸುಳ್ಳೋ?"

"ಖರೆ ಅತ್ತಿ."

"ಮತ್ತ ಹೇಳಾಕ ಏನ ಧಾಡಿ?"

"ಯವ್ವಾ, ನಿನಗ ತಿಳಿಯೂದುಲ್ಲ, ಸುಮ್ನಿರು," ಎಂದ ಕಿರಣ.

"ನನಗ ಎಲ್ಲೆ ತಿಳೀಬೇಕಪಾ. ಸಾಲಿಗೆ ಬಿಟ್ಟು ಬಂದ್ರ ನನಗಿಂತ ಮದಲ ಮನೀಗೆ ಬಂದು ಕುಂದ್ರಾಂವ ನೀ. ಆವಾಗ ಮಾಸ್ತರಿಗೆ ಅಂಜತಿದ್ದಿ, ಈಗ ಕಾಗದಕ್ಕ ಅಂಜತಿ."

ಕಿರಣ ನಗಲಿಲ್ಲ. ರೂಮಿಗೆ ಹೋಗಿ ಲ್ಯಾಪ್‌ಟಾಪು ತೆರೆದ. ಊಟಕ್ಕೆ ಬಂದಾಗ ಇಷ್ಟೇ ಹೇಳಿದ: "ವಾಲಂಟಿಯರ್ ಅನ್ನು. ಟೀಚರ್ ಅನಬ್ಯಾಡ."

ಅದು ಒಪ್ಪಿಗೆಯೋ ಅಲ್ಲವೋ ಗೊತ್ತಾಗಲಿಲ್ಲ.

ಅಕ್ಟೋಬರ್ 24, ಗುರುವಾರ, ಮಧ್ಯಾಹ್ನ

ಮುಗಿಯಿತು. ಬಾರ್ಟ್ ರೈಲು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮರೆಯುವ ಮೊದಲು.

ಸಣ್ಣ ರೂಮು. ಮಿಸ್ ಟ್ರಾನ್ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಕನ್ನಡಕ ತಲೆಯ ಮೇಲೆ. ಹೆಸರು, ವಿಳಾಸ ಕೇಳಿದರು. ವೀಸಾ ಕೇಳಲಿಲ್ಲ. ಏನು ಮಾಡುತ್ತೀರಿ ಎಂದರು. ವಾಲಂಟಿಯರ್ ಎಂದೆ.

"ಮೂಲದಲ್ಲಿ 'ಲೆಟ್' ಇತ್ತು, ನೀವು 'ಲೆಫ್ಟ್' ಮಾಡಿದಿರಿ."

"ಹೌದು."

"ಆಕೆ ಕೇಳಿದರೇ, ಹಾಗೆ ಮಾಡಿ ಎಂದು?"

"ಇಲ್ಲ. ತಪ್ಪಿಲ್ಲದೆ ಮಾಡಿಕೊಡು ಎಂದಳು."

"ನೀವು ಆ ಮನೆಯಲ್ಲಿ ಇದ್ದಿರೇ ಆವತ್ತು?"

"ಇಲ್ಲ."

"ಹಾಗಾದರೆ ಆಕೆಯ ಅರ್ಥ ಏನಿತ್ತೆಂದು ನಿಮಗೆ ಹೇಗೆ ಗೊತ್ತು?"

ಫೋಲ್ಡರು ಮುಂದೆ ತಳ್ಳಿದೆ. ಅವರು ಒಂದೊಂದೇ ಹಾಳೆ ತೆಗೆದರು. ಕೆಂಪು ಪೆನ್ನು ಕಂಡಿತು. ಕನ್ನಡಕ ಕೆಳಗಿಳಿಸಿದರು.

"ಇಲ್ಲಿ ಎಲ್ಲ ಕಡೆ 'ಲೆಟ್' ಎಂದರೆ ಬಿಟ್ಟು ಹೋಗುವುದೇ."

"ಹೌದು."

"ಇದರಿಂದ ಆಕೆಗೆ ತೊಂದರೆ ಆಗುತ್ತದೆಂದು ಗೊತ್ತಿದ್ದೂ ತಂದಿರಾ?"

"ನೀವು ಕೇಳಿದಿರಿ."

ಅವರು ಓದತೊಡಗಿದರು, ಜೋರಾಗಿ, ನನಗಲ್ಲ, ತಮಗೇ. ಬರೆದದ್ದನ್ನು ಕಣ್ಣಿನಲ್ಲಿ ಎಷ್ಟೋ ಸಲ ನೋಡಿದ್ದೆ. ಬೇರೆಯವರ ಬಾಯಲ್ಲಿ ಪೂರ್ತಿ ಕೇಳಿದ್ದು ಇದೇ ಮೊದಲು. ಐ ಲೆಟ್ ಮೈ ಬ್ಯಾಗ್ ಇನ್ ದ ಬಸ್ ಅಂಡ್ ಐ ವೆಂಟ್ ಡೌನ್. ಐ ಲೆಟ್ ದ ಕೀ ಆನ್ ಟೇಬಲ್ ಅಂಡ್ ಐ ವೆಂಟ್ ಟು ವರ್ಕ್. ಐ ಲೆಟ್ ಮೈ ಡಾಟರ್ ಟು ಮೈ ಮದರ್ ಅಂಡ್ ಐ ವೆಂಟ್ ಟು ಇಟಲಿ.

ಅಂಡ್ ಐ ವೆಂಟ್. ಅಂಡ್ ಐ ವೆಂಟ್.

"ಒಂದು ನಿಮಿಷ," ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿತು. "ಬಾಲ ನೋಡಿ. ಪ್ರತಿ ವಾಕ್ಯದ ಬಾಲ."

ಹೇಳಿದೆ. ತಡವರಿಸಿದೆ, ಆದರೆ ಹೇಳಿದೆ. ಅವಳ ಭಾಷೆಯಲ್ಲಿ ಬಿಡುವುದೊಂದು ಪದ, ಹೋಗುವುದೊಂದು ಪದ. ಇಂಗ್ಲಿಷಿನ 'ಲೆಫ್ಟ್'ನಲ್ಲಿ ಎರಡೂ ಸೇರಿವೆ. ಅವಳಿಗೆ ಅದು ಗೊತ್ತಿರಲಿಲ್ಲ. ನಾನೇ ಆ ಪಾಠ ಮಾಡಿರಲಿಲ್ಲ. ಅದಕ್ಕೇ ಬಿಟ್ಟು ಹೋದ ಕಡೆಯೆಲ್ಲ 'ಹೋದೆ' ಎಂದು ಬೇರೆ ಬರೆಯುತ್ತಾಳೆ. ನನ್ನ ಭಾಷೆಯಲ್ಲೂ ಹಾಗೇ: ಬಿಟ್ಟೆ ಬೇರೆ, ಬಿಟ್ಟು ಹೋದೆ ಬೇರೆ. ಆ ಫಾರ್ಮಿನಲ್ಲಿ ಅವಳು ಬಿಟ್ಟೆ ಎಂದು ಬರೆದಳು. ಹೋದೆ ಎಂದು ಬರೆಯಲಿಲ್ಲ. ಬಾಗಿಲಲ್ಲಿ ಇದ್ದೆ ಎಂದು ಬರೆದಳು. ಹೋಗುವುದನ್ನು ಸೇರಿಸಿದವಳು ನಾನು.

ಮಿಸ್ ಟ್ರಾನ್ ಹನ್ನೊಂದನ್ನೂ ಎಣಿಸಿದರು. ಪೆನ್ಸಿಲಿನ ತುದಿಯಿಂದ.

"ಒಂಬತ್ತರಲ್ಲಿ 'ವೆಂಟ್' ಇದೆ. ಎರಡರಲ್ಲಿ ಇಲ್ಲ."

ನೋಡಿದೆ. ಇರಲಿಲ್ಲ. ಒಂದು ಹಾಲಿನ ಡಬ್ಬಿ, ಒಂದು ಕೊಡೆ.

"ಹೌದು," ಎಂದೆ. "ಎರಡರಲ್ಲಿ ಇಲ್ಲ."

ಅದನ್ನೂ ಬರೆದುಕೊಂಡರು. ನನ್ನ ಹೇಳಿಕೆ ನನ್ನ ಕೈಯಲ್ಲೇ ಬರೆಸಿದರು. ಕೆಳಗೆ ಸಹಿ. ನನ್ನ ಹೆಸರು, ಫೋನು. ಫೋಲ್ಡರಿನ ಕಾಪಿ ತೆಗೆದುಕೊಂಡರು. ಏನಾಗಬಹುದು ಎಂದು ಕೇಳಿದೆ. ಹೇಳುವಂತಿಲ್ಲ ಎಂದರು. ಕಠಿಣವಾಗಿ ಹೇಳಲಿಲ್ಲ.

ರೈಲು ಬಂತು.

ಅಕ್ಟೋಬರ್ 29

ಬರಲಿಲ್ಲ. ಒಂದು ಗಂಟೆ ಕೂತು ಬಂದೆ.

ನವೆಂಬರ್ 14

ಕಿರಣನ ಫೈಲು ಅಲ್ಲೇ ನಿಂತಿದೆ. ಅದಕ್ಕೂ ನನಗೂ ಸಂಬಂಧವಿಲ್ಲ ಎಂದು ಅವನಿಗೂ ಗೊತ್ತು. ಆದರೂ ವೆಬ್‌ಸೈಟು ಮುಚ್ಚಿದ ಮೇಲೆ ಒಂದು ಸಲ ನನ್ನ ಕಡೆ ನೋಡುತ್ತಾನೆ. ಮಾತು ಕಡಿಮೆಯಾಗಿದೆ. ಅತ್ತೆ ಮಾತ್ರ ದಿನಾ, "ಆಕೀದು ಏನಾತು?" ಎನ್ನುತ್ತಾರೆ. ಗೊತ್ತಿಲ್ಲ ಅತ್ತಿ, ಎನ್ನುತ್ತೇನೆ.

ಡಿಸೆಂಬರ್ 10, ಮಂಗಳವಾರ

ಲೈಬ್ರರಿಯ ಮೂಲೆ ಟೇಬಲ್ಲಿನಲ್ಲಿ ದೋಯ್ನಾ, ನನಗಿಂತ ಮೊದಲೇ. ನಮಸ್ಕಾರವಿಲ್ಲ, ಹೇಗಿದ್ದೀಯ ಇಲ್ಲ. ಕಾಗದ ಮುಂದಿಟ್ಟು ಒಂದು ಪದದ ಕೆಳಗೆ ಬೆರಳಿಟ್ಟಳು.

ಅನ್‌ಸಬ್‌ಸ್ಟಾನ್ಶಿಯೇಟೆಡ್.

"ಅಂದರೆ ನಾನು ಮಾಡಿಲ್ಲ?"

"ಮಾಡಿದ್ದೀಯ ಎಂದು ತೋರಿಸುವಷ್ಟು ಆಧಾರ ಸಿಗಲಿಲ್ಲ, ಎಂದು."

"ಎರಡೂ ಒಂದೇ ಅಲ್ಲ."

"ಅಲ್ಲ."

ಬೆರಳು ಅಲ್ಲೇ ಇತ್ತು. "ಕ್ಲಿಯರೆನ್ಸ್?"

"ಇದೆ. ಏನೂ ಆಗಿಲ್ಲ ಅದಕ್ಕೆ."

ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಚೀಲದಿಂದ ಇನ್ನೊಂದು ಫಾರ್ಮು. ಹಳೆಯ ಮನೆಯವರು ವಾಪಸ್ ಕರೆಯಲಿಲ್ಲ. ಸ್ಯಾನ್ ಲಿಯಾಂಡ್ರೊದಲ್ಲಿ ಬೇರೊಂದು ಮನೆ, ಅಲ್ಲಿಗೆ ಅರ್ಜಿ. ಮೊದಲ ಪುಟ ಎಲ್ಲ ತುಂಬಿದ್ದಳು, ಒಂದು ಖಾನೆ ಬಿಟ್ಟು. ರೀಸನ್ ಫಾರ್ ಲೀವಿಂಗ್.

"ಇದು ಎಲ್ಲ ಕಡೆ ಬರುತ್ತದಲ್ಲ ಈ ಪದ," ಎಂದಳು. "ನಾನು ಲೀವ್ ಮಾಡಿಲ್ಲ. ಅವರು ಬರಬೇಡ ಅಂದರು. ಅದಕ್ಕೆ ಏನು ಬರೆಯುತ್ತಾರೆ?"

"ದೆ ಲೆಟ್ ಮಿ ಗೋ."

"ಲೆಟ್?" ಪೆನ್ನು ಕೆಳಗಿಟ್ಟಳು. "ನಾನು ಹೋಗಬೇಕು ಅಂತ ಕೇಳಿದೆ, ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟರು?"

"ಕೆಲಸದಿಂದ ತೆಗೆದರೆ ಹಾಗೇ ಹೇಳುತ್ತಾರೆ."

"ಎಷ್ಟು ಮರ್ಯಾದೆಯ ಜನ."

ನಗು ಬಂತು ಇಬ್ಬರಿಗೂ. ಪಕ್ಕದ ಟೇಬಲ್ಲಿನವನು ತಿರುಗಿ ನೋಡಿದ. ಅವಳು ಖಾನೆಯಲ್ಲಿ ತನ್ನದೇ ವಾಕ್ಯ ಬರೆದಳು: ಐ ಡಿಡ್ ನಾಟ್ ಲೀವ್. ದೆ ಸೇ ಡೋಂಟ್ ಕಮ್. 'ಸೇ' ತಪ್ಪು. ನೋಡಿದೆ. ಕೈ ಮಡಿಲಲ್ಲೇ ಇಟ್ಟುಕೊಂಡೆ. ನಾನು ನೋಡಿದ್ದನ್ನು ಅವಳು ನೋಡಿದಳು, 'ಸೇ' ಹೊಡೆದು 'ಸೆಡ್' ಮಾಡಿದಳು.

ಎರಡನೇ ಪುಟ: ನಿಮ್ಮನ್ನು ಬಲ್ಲವರೊಬ್ಬರ ಹೆಸರು. ಅವಳು ಆ ಪುಟ ಬೇಗ ಮಗುಚಲು ಹೋದಳು. ಖಾಲಿ ಇತ್ತು. ಇಲ್ಲಿ ಅವಳಿಗೆ ಬೇರೆ ಯಾರಿದ್ದಾರೆ. ಫಾರ್ಮು ಎಳೆದುಕೊಂಡು ಬರೆದೆ. ಹೆಸರು. ಫೋನು. ಕೊನೆಗೊಂದು ಸಾಲು, ಈ ವ್ಯಕ್ತಿಗೆ ನಾವು ಫೋನು ಮಾಡಬಹುದೇ. 'ಯೆಸ್' ಮೇಲೆ ಗುರುತು ಹಾಕಿದೆ.

ದೋಯ್ನಾ ಎದ್ದು ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟು, ಒತ್ತಿ, ತೆಗೆದಳು.

ಕಿರಣನಿಗೆ ಹೇಳಿಲ್ಲ ಇನ್ನೂ.

ಡಿಸೆಂಬರ್ 12, ಗುರುವಾರ, ಸಂಜೆ 4:20

ಕಿರಣ ಇವತ್ತು ಮನೆಯಿಂದಲೇ ಕೆಲಸ. ಮೀಟಿಂಗು ಮುಗಿಸಿ ಚಹಾ ಕುಡಿಯುತ್ತಿದ್ದಾನೆ, ಎದುರಿಗೆ. ಏನ ಬರಿಯಾಕತ್ತೀ ಎಂದ. ಏನಿಲ್ಲ ಎಂದೆ. ಹೇಳಬೇಕು. ಅರ್ಜಿಯ ವಿಷಯ, ಹೆಸರು ಕೊಟ್ಟ ವಿಷಯ. ಈ ಕಪ್ಪು ಖಾಲಿಯಾಗುವಷ್ಟರಲ್ಲಿ ಹೇಳುತ್ತೇನೆ.

ಫೋನು. ಗೊತ್ತಿಲ್ಲದ ನಂಬರು. ಸ್ಯಾನ್ ಲಿಯಾಂಡ್ರೊ ಎಂದು ತೋರಿಸುತ್ತಿದೆ. ಚೀಟಿ ಬರೆದುಕೊಂಡಿಲ್ಲ. ಕಿರಣ ಫೋನು ನೋಡಿದ, ನನ್ನನ್ನು ನೋಡಿದ. ಮೂರನೇ ರಿಂಗು. ಎತ್ತುತ್ತಿದ್ದೇನೆ.